ಗೆರೆ ನಿಂತ ಜಾಗ

ಮಾರ್ಚ್ 12, 2024, ಮಂಗಳವಾರ, ರಾತ್ರಿ

ಸೀಸ್ಮಿಕ್ ಸೆಕ್ಷನ್ (ಕಂಪನದ ಅಲೆಗಳಿಂದ ತೆಗೆದ ನೆಲದಡಿಯ ಸೀಳುನೋಟ) ಮೇಲಿನ ಆ ಕೆಂಪು ಗೆರೆ ಇನ್ನೂ ಕಣ್ಣಿಂದ ಹೋಗಿಲ್ಲ. ಮರಳುಗಲ್ಲಿನ ಪದರವನ್ನು ಸೀಳಿಕೊಂಡು ಮೇಲೆ ಬಂದ ಸ್ತರಭಂಗ, ಅಂದರೆ ಬಂಡೆ ಒಡೆದು ಸರಿದ ಬಿರುಕು, ಜೇಡಿಗಲ್ಲಿನ ತಳಕ್ಕೆ ಬಂದು ನಿಂತಿದೆ. ಈ ಜೇಡಿಗಲ್ಲೇ ಕ್ಯಾಪ್‌ರಾಕ್, ಮರಳುಗಲ್ಲಿಗೆ ಇಳಿಸಿ ಕೂಡಿಡಬೇಕೆಂದಿರುವ ಇಂಗಾಲದ ಡೈಆಕ್ಸೈಡ್ ಮೇಲೇಳದಂತೆ ತಡೆಯಬೇಕಾದ ಮುಚ್ಚಳ. ಗೆರೆ ಅಲ್ಲಿಗೇ ನಿಂತರೆ ಎಲ್ಲರಿಗೂ ನೆಮ್ಮದಿ. ಆದರೆ ನಿಂತಿದೆಯೋ, ನಮಗೆ ಕಾಣಿಸುತ್ತಿಲ್ಲವೋ?

ಅಲೆಯ ವೇಗ ಸೆಕೆಂಡಿಗೆ 3,000 ಮೀಟರ್, ಆವರ್ತನ 30 ಹರ್ಟ್ಸ್ ಅಂತಿಟ್ಟುಕೊಂಡರೆ ಅಲೆಯ ಉದ್ದ 100 ಮೀಟರ್. ಅದರ ಕಾಲು ಭಾಗ, ಅಂದರೆ 25 ಮೀಟರ್‌ಗಿಂತ ಕಡಿಮೆ ಸರಿದ ಪದರ ತುಂಡಾದಂತೆ ಕಾಣುವುದಿಲ್ಲ, ಸ್ವಲ್ಪ ಬಾಗಿದಂತಷ್ಟೇ ಕಾಣುತ್ತದೆ. ಸಾಲದ್ದಕ್ಕೆ ಜೇಡಿಗಲ್ಲಿನೊಳಗೆ ಪ್ರತಿಫಲನವೇ ಮಂಕು. ಕೊಹೆರೆನ್ಸ್ ಸ್ಲೈಸ್ (ಅಕ್ಕಪಕ್ಕದ ಅಲೆಗಳು ಒಂದಕ್ಕೊಂದು ಹೊಂದದ ಜಾಗ ತೋರಿಸುವ ನೋಟ) ಹಾಕಿದರೂ, ಮೊದಲೇ ಡೇಟಾವನ್ನು ಹೆಚ್ಚು ನುಣುಪು ಮಾಡಿದ್ದರೆ ಸಣ್ಣ ಬಿರುಕು ಅಲ್ಲೇ ಅಳಿಸಿಹೋಗಿರುತ್ತದೆ. ಫಿಲ್ಟರ್ ಹಾಕದ ಪ್ರತಿಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳದೆ ಗೆರೆ ಎಳೆಯಲೇಬಾರದು.

ನನಗೆ ಹೆಚ್ಚು ನಂಬಿಕೆ ಇರುವುದು ಥ್ರೋ ಗ್ರಾಫ್ ಮೇಲೆ. ಸ್ತರಭಂಗದ ಉದ್ದಕ್ಕೂ ಒಂದೊಂದು ಪದರ ಎಷ್ಟು ಮೀಟರ್ ಸರಿದಿದೆ ಅಂತ ಗುರುತು ಹಾಕುತ್ತ ಹೋಗಬೇಕು. ನಿಜವಾಗಿಯೂ ಮುಗಿಯುವ ಸ್ತರಭಂಗದಲ್ಲಿ ಅದು 45, 30, 15 ಅಂತ ಕರಗುತ್ತ ಬರುತ್ತದೆ. ಜೇಡಿಗಲ್ಲಿನ ತಳದಲ್ಲಿ 45 ಮೀಟರ್ ಇದ್ದದ್ದು ಮುಂದಿನ ಹೆಜ್ಜೆಗೇ ಸೊನ್ನೆ ಅಂದರೆ ನಂಬಬೇಡಿ. ಮೆತ್ತನೆಯ ಜೇಡಿ ಬಾಗಿ ಆ ಸರಿತವನ್ನು ನುಂಗಿರಬಹುದು, ನಿಜ. ಹಾಗಾದರೆ ಆ ಬಾಗು ಎಲ್ಲಾದರೂ ಕಾಣಬೇಕಲ್ಲ.

ಅಲ್ಜೀರಿಯಾದ ಇನ್ ಸಾಲಾ ಯಾಕೋ ನೆನಪಾಗುತ್ತಿದೆ. 2004ರಿಂದ 2011ರವರೆಗೆ ಅಲ್ಲಿ ಸುಮಾರು 38 ಲಕ್ಷ ಟನ್ ಇಂಗಾಲದ ಡೈಆಕ್ಸೈಡನ್ನು ನೆಲದೊಳಗೆ ಇಳಿಸಿದರು. ಉಪಗ್ರಹದ ರಾಡಾರ್‌ಗೆ ನೆಲ ವರ್ಷಕ್ಕೆ ಸುಮಾರು 5 ಮಿಲಿಮೀಟರ್ ಉಬ್ಬುತ್ತಿರುವುದು ಸಿಕ್ಕಿತು. ಒಂದು ಬಾವಿಯ ಮೇಲಂತೂ ಎರಡು ಗುಡ್ಡೆ, ನಡುವೆ ತಗ್ಗು. ಕೆಳಗೆ ಕಡಿದಾದ ಬಿರುಕುವಲಯವೊಂದು ಬಾಯಿ ಬಿಡುತ್ತಿದ್ದರೆ ಮೇಲೆ ಮೂಡುವ ಗುರುತು ಅದು. ಎರಡು ಕಿಲೋಮೀಟರ್ ಆಳದ ಬಿರುಕು ಮಿಲಿಮೀಟರ್ ಲೆಕ್ಕದಲ್ಲಿ ನೆಲದ ಮೇಲೆ ಬರೆದುಕೊಂಡದ್ದು!

ಸಂಜೆ ಯಾರೋ ಶೇಲ್ ಗೌಜ್ ರೇಶಿಯೋ (ಬಿರುಕಿನ ಪುಡಿಯಲ್ಲಿ ಜೇಡಿ ಎಷ್ಟು ಅನ್ನುವ ಅಂದಾಜು) 30 ಶೇಕಡ ಇದೆ, ಚಿಂತೆ ಬೇಡ ಅಂದರು. 20 ದಾಟಿದರೆ ಸೀಲ್ ಅನ್ನೋ ರೂಢಿ ತೈಲದವರಿಂದ ಬಂದದ್ದು. ಅದು ಸ್ತರಭಂಗವನ್ನು ಅಡ್ಡ ದಾಟುವ ಹರಿವಿನ ಮಾತು. ಬಿರುಕಿನೊಳಗೇ ಮೇಲಕ್ಕೆ ಏರುವುದರ ಬಗ್ಗೆ ಆ ಅಂಕಿ ಬಾಯಿ ಬಿಡುವುದಿಲ್ಲ.

ಆಮೇಲೆ ಕೂತು ಒಂದು ಕೈಲೆಕ್ಕ. ಆಳ 1,500 ಮೀಟರ್. ಮೇಲಿನ ಬಂಡೆಯ ಭಾರ 34.5 ಮೆಗಾಪಾಸ್ಕಲ್, ಅತಿ ಕಡಿಮೆ ಅಡ್ಡ ಒತ್ತಡ 24, ರಂಧ್ರಗಳ ನೀರಿನ ಒತ್ತಡ 15. ಸ್ತರಭಂಗದ ಇಳಿಜಾರು 60 ಡಿಗ್ರಿ, ಜಾರಲು ಅತ್ಯಂತ ಅನುಕೂಲವಾದ ದಿಕ್ಕಿಗೇ ಇದೆ ಅಂತ ಇಟ್ಟುಕೊಂಡೆ. ಬಿರುಕನ್ನು ಒತ್ತಿ ಹಿಡಿದಿರುವುದು 11.6, ಜಾರಿಸಲು ನೋಡುತ್ತಿರುವುದು 4.5. ಅನುಪಾತ 0.39. ಅದು ಘರ್ಷಣೆಯ ಅಂಕಿ 0.6 ಮುಟ್ಟಿದರೆ ಬಿರುಕು ಜಾರುತ್ತದೆ. ಅಲ್ಲಿಯವರೆಗೆ ರಂಧ್ರಗಳ ಒತ್ತಡವನ್ನು ಇನ್ನೂ 4 ಮೆಗಾಪಾಸ್ಕಲ್, ಅಂದರೆ 40 ಬಾರ್ ಏರಿಸಲು ಜಾಗವಿದೆ. ಪರವಾಗಿಲ್ಲ ಅನ್ನಿಸಿತು.

ಸುಮ್ಮನೆ ಅಡ್ಡ ಒತ್ತಡದ 24 ತೆಗೆದು 22 ಹಾಕಿದೆ. ಉಳಿದದ್ದು 1.1.

ಎರಡೇ ಮೆಗಾಪಾಸ್ಕಲ್ ವ್ಯತ್ಯಾಸಕ್ಕೆ ಮುಕ್ಕಾಲು ಪಾಲು ಜಾಗ ಮಾಯ. ಇದರಲ್ಲಿ ತಣ್ಣನೆಯ ಅನಿಲ ಇಳಿದಾಗ ಬಾವಿಯ ಸುತ್ತ ಬಂಡೆ ಕುಗ್ಗಿ ಅಡ್ಡ ಒತ್ತಡ ಇನ್ನಷ್ಟು ಇಳಿಯುವುದನ್ನು ಸೇರಿಸಿಯೇ ಇಲ್ಲ. ವಾರಗಟ್ಟಲೆ ಗೆರೆಯ ತುದಿ ಹುಡುಕುತ್ತೇವೆ, ಈ 24 ಎಲ್ಲಿಂದ ಬಂತು ಅಂತ ಕೇಳಲು ಐದು ನಿಮಿಷ ಕೊಡುವುದಿಲ್ಲ. ಕೇಸಿಂಗ್ (ಬಾವಿಯೊಳಗಿನ ಉಕ್ಕಿನ ಕೊಳವೆ) ಕೂರಿಸಿದಾಗ ಒಂದೇ ಸಲ ಮಾಡಿದ ಲೀಕ್-ಆಫ್ ಟೆಸ್ಟ್ (ದ್ರವ ಪಂಪ್ ಮಾಡಿ ಒತ್ತಿ ನೋಡುವ ಪರೀಕ್ಷೆ) ಆಗಿದ್ದರೆ, ಅದು ಬಂಡೆ ಬಿರಿಯಲು ಶುರುವಾದ ಅಂಕಿ, ಸಾಮಾನ್ಯವಾಗಿ ನಿಜಕ್ಕಿಂತ ಹೆಚ್ಚೇ ಇರುತ್ತದೆ. ಬೇಕಿರುವುದು ಪಂಪ್ ನಿಲ್ಲಿಸಿದ ಮೇಲೆ ಬಿರುಕು ಮುಚ್ಚಿಕೊಳ್ಳುವ ಒತ್ತಡ, ಅದೂ ಎರಡು ಮೂರು ಸುತ್ತು ಮಾಡಿ ಒಂದೇ ಕಡೆ ಬಂದು ನಿಂತದ್ದು. ಮರಳುಗಲ್ಲಿನಲ್ಲೂ, ಜೇಡಿಗಲ್ಲಿನಲ್ಲೂ ಬೇರೆ ಬೇರೆ.

ಬಾವಿಯ ವರದಿಯಲ್ಲಿ ಒಂದೇ ಗ್ರಾಫ್ ಇತ್ತು ಅಂತ ನೆನಪು. ಒತ್ತಡ ಇಳಿಯುವ ಭಾಗ ಅದರಲ್ಲಿ ಇತ್ತೋ, ಅಥವಾ ತುದಿ ಮುಟ್ಟಿದ ಕೂಡಲೇ ಗೆರೆ ನಿಂತುಬಿಟ್ಟಿತ್ತೋ?