ಒಂದು ಡಿಸ್ಕ್, ಎರಡು ವ್ಯವಸ್ಥೆ, ನಡುವೆ 20 ಜಿಬಿ ಕುಮ್ಕಿ

ಉಡುಪಿಯ ಕುಂಜಿಬೆಟ್ಟಿನಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನ ಬಯಲಾಟದ ಕರಪತ್ರ, ಮದುವೆ ಉಪನಯನಗಳ ಕಾಗದ, ಇವೇ ನನ್ನ ಕೆಲಸ. ಹದಿನೈದು ವರ್ಷಗಳ ಈ ಕಡತಗಳೆಲ್ಲ ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್ 7ರಲ್ಲಿ, ಯುನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿವೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡದ ಬದಲು ಟೊಪ್ಪಿ ಬಾಲ ಅಂಟಿಸಿಕೊಂಡ ಇಂಗ್ಲಿಷ್ ಅಕ್ಷರಗಳು ಕಾಣಿಸುತ್ತವೆ. ಹೀಗಾಗಿ ವಿಂಡೋಸ್ ಬಿಡುವ ಸ್ಥಿತಿಯಲ್ಲಿ ನಾನಿಲ್ಲ. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು; ನನ್ನ ಲ್ಯಾಪ್‌ಟಾಪಿನ ಏಳನೆಯ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಹಳೆಯ ವಿಂಡೋಸನ್ನು ಅಂತರ್ಜಾಲವಿಲ್ಲದೆ ಪೇಜ್‌ಮೇಕರಿಗಷ್ಟೇ ಇಟ್ಟುಕೊಂಡು, ಮಿಂಚಂಚೆ, ಬ್ಯಾಂಕು, ಗಿರಾಕಿಗಳ ವಾಟ್ಸಾಪ್ ಎಲ್ಲವನ್ನೂ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಗೆ ಸಾಗಿಸುವುದೆಂದು ತೀರ್ಮಾನಿಸಿದೆ. ಸುರತ್ಕಲ್ಲಿನಲ್ಲಿ ಓದುತ್ತಿರುವ ಅಳಿಯ, "ಮಾವ, ವಿಂಡೋಸ್ ಪೂರ್ತಿ ತೆಗೆದುಬಿಡಿ, ರಗಳೆಯೇ ಬೇಡ" ಎಂದ. ಹದಿನೈದು ವರ್ಷಗಳ ಆಮಂತ್ರಣಗಳನ್ನು ಮತ್ತೆ ಟೈಪ್ ಮಾಡಿಕೊಡಲು ಸಿದ್ಧನಿದ್ದೀಯಾ ಎಂದು ಕೇಳಿದ ಮೇಲೆ ಸುಮ್ಮನಾದ.

ಇದಕ್ಕೆ ಒಂದೇ ಡಿಸ್ಕನ್ನು ವಿಭಾಗಗಳಾಗಿ ಒಡೆದು ಎರಡು ವ್ಯವಸ್ಥೆಗಳಿಗೂ ಹಂಚಬೇಕು. ಈ ಕೆಲಸದಲ್ಲಿ ನನಗೆ ಹಳೆಯದೊಂದು ಪೆಟ್ಟು ಬಿದ್ದಿತ್ತು. ಹಿಂದಿನ ಲ್ಯಾಪ್‌ಟಾಪಿನ ಡಿಸ್ಕಿನಲ್ಲಿದ್ದುದು ಎಂಬಿಆರ್ ಎಂಬ ಹಳೆಯ ಬಗೆಯ ವಿಭಾಗಪಟ್ಟಿ. ಅದರಲ್ಲಿ ನಾಲ್ಕೇ ಪ್ರೈಮರಿ ವಿಭಾಗಗಳಿಗೆ ಜಾಗವಿರುತ್ತದೆ. ಹೆಚ್ಚು ಬೇಕಾದರೆ ಒಂದನ್ನು ಎಕ್ಸ್‌ಟೆಂಡೆಡ್ ಮಾಡಿ ಅದರೊಳಗೆ ಉಳಿದವನ್ನು ತುಂಬಬೇಕು. ತಯಾರಕರು ಆ ನಾಲ್ಕನ್ನೂ ತಾವೇ ಬಳಸಿಬಿಟ್ಟಿದ್ದರು. ನಾನು ಸಿ ಡ್ರೈವನ್ನು ಕಿರಿದುಗೊಳಿಸಿ, ಉಳಿದ ಜಾಗದಲ್ಲಿ ಹೊಸ ವಾಲ್ಯೂಮ್ ಮಾಡಲು ಹೊರಟಾಗ, ಡಿಸ್ಕನ್ನು ಡೈನಾಮಿಕ್ (ವಿಂಡೋಸಿನದೇ ಬೇರೊಂದು ಬಗೆಯ ವಿಭಾಗ ವ್ಯವಸ್ಥೆ) ಆಗಿ ಬದಲಿಸಲಾಗುವುದು ಎಂಬ ಎಚ್ಚರಿಕೆ ಬಂತು. ಓದದೆ 'ಯೆಸ್' ಒತ್ತಿದೆ. ಆ ಬಳಿಕ ಲಿನಕ್ಸ್ ಅನುಸ್ಥಾಪಕ (ಇನ್‌ಸ್ಟಾಲರ್) ಆ ಡಿಸ್ಕಿನಲ್ಲಿ ಕಾಲಿಡಲಿಲ್ಲ, ಮತ್ತೆ ಸಾಮಾನ್ಯ ಬಗೆಯ ಬೇಸಿಕ್ ಡಿಸ್ಕ್ ಮಾಡಬೇಕಾದರೆ ವಿಂಡೋಸಿನ ಪ್ರಕಾರ ಎಲ್ಲ ವಾಲ್ಯೂಮುಗಳನ್ನೂ ಅಳಿಸಲೇಬೇಕಿತ್ತು. ಈಗಿನ ಯಂತ್ರದಲ್ಲಿರುವುದು ಜಿಪಿಟಿ ಎಂಬ ಹೊಸ ಬಗೆಯ ವಿಭಾಗಪಟ್ಟಿ. ಅದರಲ್ಲಿ ಸಾಮಾನ್ಯವಾಗಿ 128 ವಿಭಾಗಗಳಿಗೆ ಅವಕಾಶವಿರುವುದರಿಂದ ಈ ಕಾಟವಿಲ್ಲ. ಆದರೂ ಈ ಸಲ ವಿಂಡೋಸಿನಲ್ಲಿ ಕಿರಿದುಗೊಳಿಸುವುದನ್ನು ಬಿಟ್ಟು ಬೇರೇನನ್ನೂ ಮಾಡಬಾರದೆಂದು ನಿಶ್ಚಯಿಸಿಕೊಂಡೆ.

ಮೊದಲು ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲಿಸಿ, ಅಲ್ಲಿಂದ ಎರಡು ಮೂರು ಕಡತಗಳನ್ನು ತೆರೆದು ನೋಡಿ, ಅನಂತರ ಆ ಡಿಸ್ಕನ್ನು ಯಂತ್ರದಿಂದ ಕಳಚಿ ಕಪಾಟಿನಲ್ಲಿಟ್ಟೆ. ಅನುಸ್ಥಾಪಕದ ಪಟ್ಟಿಯಲ್ಲಿ ಡಿಸ್ಕುಗಳು ಬರೀ ಅಕ್ಷರಗಳಾಗಿ ಕಾಣುತ್ತವೆ. ಬ್ಯಾಕಪ್ ಡಿಸ್ಕನ್ನು ಸಿಕ್ಕಿಸಿಯೇ ಇಟ್ಟರೆ ತಪ್ಪಿ ಅದನ್ನೇ ಅಳಿಸುವ ಸಂಭವವುಂಟು. ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಇರುವ ಯಂತ್ರವಾದರೆ 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಕಡ್ಡಾಯ, ಏಕೆಂದರೆ ಬೂಟ್ ಆಗುವ ಬಗೆ ಬದಲಾದೊಡನೆ ವಿಂಡೋಸ್ ಅದನ್ನು ಕೇಳಬಹುದು. ನನ್ನದರಲ್ಲಿ ಅದು ಇರಲಿಲ್ಲ.

ಡಬ್ಬಿಯ ಮೇಲೆ 512 ಜಿಬಿ ಎಂದು ಬರೆದಿರುವ ನನ್ನ ಎಸ್‌ಎಸ್‌ಡಿಯನ್ನು ವಿಂಡೋಸ್ 476 ಎಂದು ತೋರಿಸುತ್ತದೆ. ತಯಾರಕರು ಸಾವಿರದ ಲೆಕ್ಕ ಹಿಡಿದರೆ ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ, ಮೋಸವೇನೂ ಇಲ್ಲ. ಅದರಲ್ಲಿ ಸುಮಾರು 180 ಮಾತ್ರ ತುಂಬಿತ್ತು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸಿ ಮೇಲೆ ಬಲಗುಂಡಿ ಒತ್ತಿ 'ಶ್ರಿಂಕ್ ವಾಲ್ಯೂಮ್' ಆಯ್ದರೆ, ಬಿಟ್ಟುಕೊಡಲು ಸಾಧ್ಯವಿರುವುದು ಬರೀ 31 ಜಿಬಿ ಎಂದಿತು! ಅರ್ಧಕ್ಕೂ ಹೆಚ್ಚು ಮನೆ ಖಾಲಿಯಿದ್ದರೂ ಹಿಂದಿನ ಕೋಣೆಯಲ್ಲಿ ಕದಲದ ಕಲ್ಲಿನ ಮರಿಗೆಯೊಂದು ಕುಳಿತಂತಾಗಿತ್ತು. ವಿಂಡೋಸ್ ಓಡುತ್ತಿರುವಾಗ ಹೈಬರ್ನೇಷನ್ ಕಡತ (ಮಲಗುವ ಮುನ್ನ ಸ್ಥಿತಿಯನ್ನು ಬರೆದಿಡುವುದು), ಪೇಜ್ ಫೈಲ್ (ಮೆಮೊರಿ ಸಾಲದಾಗ ಬಳಸುವುದು), ಸಿಸ್ಟಮ್ ರಿಸ್ಟೋರಿನ ನಕಲುಗಳು, ವಿಂಡೋಸಿನ ಕಡತವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನ ಸ್ವಂತ ಕೋಷ್ಟಕ ಇವನ್ನು ಜರುಗಿಸಲಾಗುವುದಿಲ್ಲ. ಇವುಗಳ ಪೈಕಿ ಅತ್ಯಂತ ಕೊನೆಯಲ್ಲಿರುವುದು ಎಲ್ಲಿದೆಯೋ ಅಲ್ಲಿಗೇ ಕಿರಿದಾಗುವುದು ನಿಲ್ಲುತ್ತದೆ. ಅಡ್ಡ ಬಂದ ಕಡತ ಯಾವುದೆಂಬುದನ್ನು ಈವೆಂಟ್ ವ್ಯೂವರ್‌ನ ಅಪ್ಲಿಕೇಶನ್ ದಾಖಲೆಯಲ್ಲಿ 259 ಸಂಖ್ಯೆಯ ನಮೂದು ಹೆಸರಿಸಿಯೇ ಹೇಳುತ್ತದೆ. ನನ್ನಲ್ಲಿ ಅದು ಹೈಬರ್ನೇಷನ್ ಕಡತವೇ ಆಗಿತ್ತು. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ 'ಪವರ್‌ಸಿಎಫ್‌ಜಿ /ಎಚ್ ಆಫ್' ಎಂಬ ಆದೇಶ ಕೊಟ್ಟು, ಪೇಜ್ ಫೈಲನ್ನೂ ರಿಸ್ಟೋರನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ, ಯಂತ್ರವನ್ನು ಮರುಚಾಲನೆ ಮಾಡಿದ ಮೇಲೆ ಬೇಕಾದಷ್ಟು ಜಾಗ ಸಿಕ್ಕಿತು. ಅಲ್ಲಿ ತುಂಬಬೇಕಾದ ಅಂಕಿ ಎಂಬಿಯಲ್ಲಿ. 200 ಜಿಬಿ ಬೇಕಾದರೆ 2,04,800 ಎಂದು ಬರೆಯಬೇಕು.

ಹೈಬರ್ನೇಷನ್ ನಿಲ್ಲಿಸಿದ್ದರಿಂದ ಇನ್ನೊಂದು ಉಪಕಾರವೂ ಆಯಿತು. ವಿಂಡೋಸ್ 8ರಿಂದ ಈಚೆಗೆ 'ಶಟ್ ಡೌನ್' ಎಂದರೆ ಪೂರ್ತಿ ಆರುವುದೆಂದು ಅರ್ಥವಲ್ಲ. ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ವಿಂಡೋಸಿನ ತಿರುಳಾದ ಕರ್ನಲ್ ತನ್ನ ಸ್ಥಿತಿಯನ್ನು ಡಿಸ್ಕಿಗೆ ಬರೆದು ಮಲಗುತ್ತದೆ, ಅದರೊಂದಿಗೆ ಎನ್‌ಟಿಎಫ್‌ಎಸ್ ವಿಭಾಗಗಳೂ ಅರ್ಧ ತೆರೆದ ಸ್ಥಿತಿಯಲ್ಲಿಯೇ ಉಳಿಯುತ್ತವೆ. ಅಂಥದ್ದರ ಮೇಲೆ ಲಿನಕ್ಸಿನಿಂದ ಬರೆದರೆ ಕಡತಗಳು ಹಾಳಾಗುವ ಅಪಾಯವಿರುವುದರಿಂದ ಲಿನಕ್ಸ್ ಬರೆಯಲು ಒಪ್ಪದೆ ಓದಲು ಮಾತ್ರ ಬಿಡುತ್ತದೆ. ಎರಡು ವ್ಯವಸ್ಥೆಗಳು ಒಂದೇ ವಿಭಾಗವನ್ನು ಹಂಚಿಕೊಳ್ಳಬೇಕಾದರೆ ಫಾಸ್ಟ್ ಸ್ಟಾರ್ಟಪನ್ನು ನಿಲ್ಲಿಸಲೇಬೇಕು; ಹೈಬರ್ನೇಷನ್ ನಿಲ್ಲಿಸಿದರೆ ಅದೂ ನಿಲ್ಲುತ್ತದೆ.

ಮುಂದಿನ ಕೆಲಸ ಮಿಂಟಿನ ಪೆನ್ ಡ್ರೈವಿನಿಂದ. ಬೂಟ್ ಮೆನುವಿನಲ್ಲಿ ಒಂದೇ ಪೆನ್ ಡ್ರೈವ್ ಎರಡು ಸಲ ಕಾಣಿಸಿದರೆ ಯುಇಎಫ್‌ಐ (ಹೊಸ ಬಗೆಯ ಬೂಟ್ ವ್ಯವಸ್ಥೆ) ಎಂದಿರುವುದನ್ನೇ ಆರಿಸಿಕೊಳ್ಳಬೇಕು, ಇಲ್ಲವಾದರೆ ಎರಡು ವ್ಯವಸ್ಥೆಗಳು ಎರಡು ಬಗೆಯಲ್ಲಿ ಬೂಟ್ ಆಗುವ ಪೇಚಾಟ. ಅನುಸ್ಥಾಪನೆಗೆ ಮುನ್ನ ಪೆನ್ ಡ್ರೈವಿನಿಂದಲೇ ಓಡುವ ಲೈವ್ ಪರದೆಯಲ್ಲಿ ಡಿಸ್ಕ್ ವಿಭಾಗಿಸುವ ಜಿಪಾರ್ಟೆಡ್ ತೆರೆದು, ಖಾಲಿ ಬಿಟ್ಟ 200 ಜಿಬಿಯಲ್ಲಿ ಗೆರೆ ಎಳೆದೆ: ಸಿಗೆ ತಾಗಿಕೊಂಡ 20 ಜಿಬಿಯನ್ನು ಏನೂ ಮಾಡದೆ ಬಿಟ್ಟು, 50 ಜಿಬಿ ರೂಟಿಗೆ (ಮಿಂಟ್ ಕೂರುವ ಜಾಗ), 80 ಹೋಮಿಗೆ (ನನ್ನ ಕಡತಗಳ ಜಾಗ), ಕೊನೆಯ 50 ಎರಡಕ್ಕೂ ಸಲ್ಲುವ ಎನ್‌ಟಿಎಫ್‌ಎಸ್ ವಿಭಾಗಕ್ಕೆ. ರೂಟ್ ಮತ್ತು ಹೋಮ್ ಎರಡೂ ಲಿನಕ್ಸಿನ ಎಕ್ಸ್‌ಟಿ4 ಕಡತವ್ಯವಸ್ಥೆಯವು. ವಿಂಡೋಸ್ ಇವನ್ನು ಸ್ವತಃ ಓದಲಾರದು, ಆದ್ದರಿಂದಲೇ ಹಂಚಿಕೆಯ ಆ 50 ಜಿಬಿ. ಸ್ವಾಪಿಗೆ (ಲಿನಕ್ಸಿನ ಪೇಜ್ ಫೈಲ್ ಎನ್ನಿ) ಬೇರೆ ವಿಭಾಗ ಬೇಡ, ಮಿಂಟ್ ಅದಕ್ಕೊಂದು ಕಡತ ಮಾಡಿಕೊಳ್ಳುತ್ತದೆ.

ಆ 20 ಜಿಬಿಯನ್ನು ಮನೆಯಲ್ಲಿ ನಾನು ಕುಮ್ಕಿ ಎಂದೇ ಕರೆಯುತ್ತೇನೆ. ನಮ್ಮ ಜಿಲ್ಲೆಗಳಲ್ಲಿ ವರ್ಗ (ಪಟ್ಟಾ) ಜಾಗಕ್ಕೆ ತಾಗಿಕೊಂಡಿರುವ, ಸೊಪ್ಪು ಸೌದೆಯ ಹಕ್ಕಷ್ಟೇ ಇರುವ ಸರಕಾರಿ ಜಾಗವನ್ನು ಹಾಗೆನ್ನುತ್ತಾರೆ. ದೂರದಲ್ಲಿರುವವನಿಗೆ ಅದರಲ್ಲಿ ಪಾತ್ರವಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟಿನ ನ್ಯಾಯವೂ ಇದೇ. ಸಿ ಬೆಳೆಯಬೇಕಾದರೆ ಅದರ ಬಲಗಡೆಗೆ ಒತ್ತಿಕೊಂಡೇ ಖಾಲಿ ಜಾಗವಿರಬೇಕು, ಡಿಸ್ಕಿನ ಇನ್ನೊಂದು ತುದಿಯಲ್ಲಿ ಎಷ್ಟಿದ್ದರೂ 'ಎಕ್ಸ್‌ಟೆಂಡ್' ಮಸುಕಾಗಿಯೇ ಕಾಣುತ್ತದೆ. ಅಲ್ಲಿ ರೂಟನ್ನು ಕೂರಿಸಿಬಿಟ್ಟರೆ ಮುಂದೆ ಅದರ ಆರಂಭವನ್ನೇ ಸರಿಸಬೇಕಾಗುತ್ತದೆ, ಅಂದರೆ ಒಳಗಿರುವುದೆಲ್ಲವೂ ಹೊಸ ಜಾಗಕ್ಕೆ ನಕಲಾಗಬೇಕು. ನಡುವೆ ಕರೆಂಟು ಹೋದರೆ ಹೋಯಿತು. ಸಂಜೆಗೆ ಗುಡುಗು ಮಿಂಚು ಕಟ್ಟಿಟ್ಟ ಮೇ ತಿಂಗಳಲ್ಲಿ ಅದಕ್ಕೆ ಕೈ ಹಾಕುವ ಧೈರ್ಯ ನನಗಿಲ್ಲ. ಜಿಪಾರ್ಟೆಡ್‌ನಲ್ಲಿ ಹೊಸ ವಿಭಾಗ ಶುರುವಾಗುವ ಮೊದಲು ಎಷ್ಟು ಜಾಗ ಬಿಡಬೇಕೆಂದು ಕೇಳುವ ಒಂದು ಚೌಕವಿದೆ. ಅದರಲ್ಲಿ 20,480 ಎಂದು ತುಂಬಿದೆ.

ಅನುಸ್ಥಾಪಕದಲ್ಲಿ 'ಸಮ್‌ಥಿಂಗ್ ಎಲ್ಸ್' ಆರಿಸಿ, ಮಾಡಿಟ್ಟ ವಿಭಾಗಗಳಿಗೆ ಮೌಂಟ್ ಪಾಯಿಂಟ್ (ಯಾವುದು ರೂಟ್, ಯಾವುದು ಹೋಮ್ ಎಂಬ ಗುರುತು) ಕೊಡುವುದು ಐದು ನಿಮಿಷದ ಕೆಲಸ. ಗಮನವಿಡಬೇಕಾದುದು ವಿಂಡೋಸ್ ಮೊದಲೇ ಮಾಡಿಟ್ಟಿದ್ದ 100 ಎಂಬಿಯ ಇಎಫ್‌ಐ ವಿಭಾಗದ ಮೇಲೆ. ವಿಂಡೋಸಿನ ಬೂಟ್ ಕಡತಗಳಿರುವುದು ಅಲ್ಲಿ. ಮಿಂಟ್ ಅದೇ ವಿಭಾಗದಲ್ಲಿ ತನ್ನದೊಂದು ಫೋಲ್ಡರ್ ಮಾಡಿ, ಯಾವ ವ್ಯವಸ್ಥೆ ಬೇಕೆಂದು ಕೇಳುವ ಗ್ರಬ್ಬನ್ನು ಇಟ್ಟುಕೊಳ್ಳುತ್ತದೆ. ಆ ವಿಭಾಗವನ್ನು ಫಾರ್ಮ್ಯಾಟ್ ಮಾಡಿದರೆ ಸಿ ಡ್ರೈವ್ ಸುರಕ್ಷಿತವಾಗಿದ್ದರೂ ವಿಂಡೋಸ್ ಏಳುವುದಿಲ್ಲ.

ಎಲ್ಲ ಮುಗಿಯಿತೆಂದುಕೊಂಡ ಮರುದಿನ, ಬೆಳಿಗ್ಗೆ 9:45ಕ್ಕೆ ಅಂಗಡಿಯಲ್ಲಿ ವಿಂಡೋಸ್ ತೆರೆದರೆ ಗಡಿಯಾರ 4:15 ಎನ್ನುತ್ತಿತ್ತು. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ (ಜಾಗತಿಕ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ; ನಮ್ಮಲ್ಲಿ ಸರಿಯಾಗಿ ಐದೂವರೆ ಗಂಟೆಯ ವ್ಯತ್ಯಾಸ. ಅಂತರ್ಜಾಲ ಕೊಡದ ಕಾರಣ ವಿಂಡೋಸಿಗೆ ತಿದ್ದಿಕೊಳ್ಳುವ ದಾರಿಯೂ ಇರಲಿಲ್ಲ. ಮಿಂಟಿನ ಟರ್ಮಿನಲ್ಲಿನಲ್ಲಿ 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಎಂದು ಕೊಟ್ಟು, ವಿಂಡೋಸಿನಲ್ಲಿ ಒಂದು ಸಲ ಕೈಯಿಂದಲೇ ಸಮಯ ಹೊಂದಿಸಿದ ಮೇಲೆ ಎರಡೂ ಒಂದೇ ಗಂಟೆ ಹೇಳತೊಡಗಿದವು.

ಈಗ ಗಿರಾಕಿ ಕಳುಹಿಸಿದ ಚಿತ್ರ ಮತ್ತು ಬರೆಹಗಳನ್ನು ಮಿಂಟಿನಲ್ಲಿ ಇಳಿಸಿಕೊಂಡು ಹಂಚಿಕೆಯ ವಿಭಾಗದಲ್ಲಿಟ್ಟು, ಯಂತ್ರವನ್ನು ಮರುಚಾಲನೆ ಮಾಡಿ ಪೇಜ್‌ಮೇಕರಿನಲ್ಲಿ ಎತ್ತಿಕೊಳ್ಳುತ್ತೇನೆ. ಸಿ ಇನ್ನೂ ಕುಮ್ಕಿಯ ಕಡೆಗೆ ಕೈ ಚಾಚಿಲ್ಲ.