ಇಲಿಯಲ್ಲಿ ನಿಂತ ಕ್ಯಾನ್ಸರ್ ನಮ್ಮಲ್ಲಿ ಯಾಕೆ ನಿಲ್ಲುವುದಿಲ್ಲ?

ನಾನು ಕ್ಯಾನ್ಸರ್ ಸಂಶೋಧನೆಯ ಬಗ್ಗೆ ಬರೆಯುತ್ತೇನೆ ಎಂದು ಗೊತ್ತಾದರೆ ಸಾಕು, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. "ಸ್ತನ ಕ್ಯಾನ್ಸರ್ ಮೂಳೆಗೆ ಹರಡೋದನ್ನ ಇಲಿಯಲ್ಲಿ ತಡೆದರಂತೆ, ಪೇಪರ್‌ನಲ್ಲಿ ಬಂದಿತ್ತು. ಮತ್ತೆ ಜನರಿಗೆ ಆ ಔಷಧಿ ಯಾಕೆ ಕೊಡಲ್ಲ?"

ನಾನು ತಿರುಗಿ ಕೇಳುತ್ತೇನೆ: ಯಾವ ಇಲಿಯಲ್ಲಿ?

ಸುಮ್ನೆ ಕಾಲೆಳೆಯಲು ಕೇಳುವುದಲ್ಲ. ಇಲಿಗೆ ಸ್ತನ ಕ್ಯಾನ್ಸರ್ ಬಂದು, ಅದು ತಾನಾಗಿ ಮೂಳೆಗೆ ಹೋಗುವುದು ತೀರಾ ಅಪರೂಪ. ಹಾಗಾಗಿ ಲ್ಯಾಬ್‌ನಲ್ಲಿ ಅದನ್ನು ಮಾಡಿಸಬೇಕು. ಹೆಚ್ಚು ಬಳಸುವುದು ಎಂಡಿಎ-ಎಂಬಿ-231 ಎಂಬ, ಮನುಷ್ಯರ ಸ್ತನ ಕ್ಯಾನ್ಸರ್ ಕೋಶಗಳನ್ನು. 1970ರ ದಶಕದಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ, ಒಬ್ಬ ಮಹಿಳೆಯ ಶ್ವಾಸಕೋಶದ ಸುತ್ತ ತುಂಬಿದ್ದ ನೀರಿನಿಂದ ತೆಗೆದು ಬೆಳೆಸಿದ ಕೋಶಗಳಿವು. ಇವನ್ನು ರೋಮವಿಲ್ಲದ 'ನ್ಯೂಡ್' ಇಲಿಯ ಹೃದಯದ ಎಡಭಾಗಕ್ಕೆ ಸೂಜಿಯಿಂದ ಬಿಡುತ್ತಾರೆ. ಬಾಲದ ರಕ್ತನಾಳಕ್ಕೆ ಬಿಟ್ಟರೆ ಹೆಚ್ಚಿನವು ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತವೆ. ಎಡ ಹೃದಯದಿಂದ ಹೊರಟರೆ ಮೈಯೆಲ್ಲ ಸುತ್ತುತ್ತವೆ. ಕೆಲವೇ ವಾರಗಳಲ್ಲಿ ಎಕ್ಸ್‌ರೇ ತೆಗೆದರೆ ಮೂಳೆಯಲ್ಲಿ ತೂತುಗಳು.

ಇದರಿಂದ ಕಲಿತದ್ದು ಕಡಿಮೆಯೇನಲ್ಲ. ಕ್ಯಾನ್ಸರ್ ಕೋಶ ಮೂಳೆಯನ್ನು ಹೆಚ್ಚಾಗಿ ತಾನೇ ತಿನ್ನುವುದಿಲ್ಲ. ಹಳೆ ಮೂಳೆಯನ್ನು ಕರಗಿಸುವುದೇ ಕೆಲಸವಾಗಿರುವ ನಮ್ಮದೇ ಆಸ್ಟಿಯೋಕ್ಲಾಸ್ಟ್ ಕೋಶಗಳನ್ನು ಅದು ಕೆರಳಿಸುತ್ತದೆ. ಮೂಳೆ ಕರಗಿದಾಗ ಅದರೊಳಗಿದ್ದ ಟಿಜಿಎಫ್-ಬೀಟಾ ಎಂಬ ಪ್ರೋಟೀನ್ ಹೊರಬಂದು ಕ್ಯಾನ್ಸರನ್ನು ಇನ್ನಷ್ಟು ಬೆಳೆಸುತ್ತದೆ. ಈ ಸುತ್ತನ್ನು ಬಿಡಿಸಿ ತೋರಿಸಿದ್ದು ಇಂಥ ಇಲಿಗಳೇ.

ಆದರೆ ಏನೆಲ್ಲ ಬಿಟ್ಟುಹೋಯಿತು ನೋಡಿ. ಗಡ್ಡೆಯಿಂದ ಕಳಚಿಕೊಂಡು ರಕ್ತಕ್ಕೆ ಇಳಿಯುವ ಮೊದಲ ಅರ್ಧ ಇಲ್ಲಿ ಇಲ್ಲವೇ ಇಲ್ಲ. ನ್ಯೂಡ್ ಇಲಿಯಲ್ಲಿ, ಹೊರಗಿನ ಕೋಶಗಳನ್ನು ಗುರುತಿಸಿ ಕೊಲ್ಲುವ ಟಿ ಕೋಶಗಳೂ ಬೆಳೆಯುವುದಿಲ್ಲ. ಮನುಷ್ಯರ ಕೋಶ ಅದರ ಮೈಯಲ್ಲಿ ಉಳಿಯುವುದೇ ಅದಕ್ಕೆ. ರೋಗನಿರೋಧಕ ಶಕ್ತಿ ಸರಿಯಾಗಿರುವ ಇಲಿಗೆ 4ಟಿ1 ಎಂಬ, ಇಲಿಯದೇ ಸ್ತನ ಕ್ಯಾನ್ಸರ್ ಕೋಶ ಹಾಕಬಹುದು. ಅದು ಮೂಳೆಗಿಂತ ಶ್ವಾಸಕೋಶಕ್ಕೇ ಜಾಸ್ತಿ ಹೋಗುತ್ತದೆ. ಇನ್ನು, ಮೂಳೆಗೆ ಹರಡುವ ಸ್ತನ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನನ್ನು ನೆಚ್ಚಿಕೊಂಡವು, ಎಂಡಿಎ-ಎಂಬಿ-231 ಹಾಗಲ್ಲ. ಈಸ್ಟ್ರೋಜನ್ ಬೇಡುವ ಎಂಸಿಎಫ್-7 ಎಂಬ ಕೋಶಗಳನ್ನು ಹಾಕೋಣವೆಂದರೆ ಇಲಿಯ ಚರ್ಮದಡಿ ಆ ಹಾರ್ಮೋನ್ ಗುಳಿಗೆ ಇಡಬೇಕು. ಅದು ಇಲಿಯ ಮೂಳೆಯನ್ನೇ ದಟ್ಟವಾಗಿಸಿಬಿಡುತ್ತದೆ. ಮೂಳೆಯನ್ನು ನೋಡಲು ಹೊರಟವರಿಗೆ ಇದಕ್ಕಿಂತ ತಲೆನೋವು ಬೇಕಾ?

ಇಲಿಯ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಎಳೆಯ ಇಲಿಯ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ, ರೋಗಿಗಳಲ್ಲಿ ಹೆಚ್ಚಿನವರು ಮುಟ್ಟು ನಿಂತವರು. ಮೂಳೆ ಸವೆತ ತಡೆಯುವ ಜೊಲೆಡ್ರೋನಿಕ್ ಆಸಿಡ್ ಇಲಿಗಳಲ್ಲಿ ಭರವಸೆ ಹುಟ್ಟಿಸಿತ್ತು. ಆಮೇಲೆ ಸ್ತನ ಕ್ಯಾನ್ಸರ್ ಇದ್ದ 3,360 ಮಹಿಳೆಯರ ಮೇಲೆ ಈ ಔಷಧಿಯನ್ನು ನೋಡಿದ ಅಜೂರ್ ಎಂಬ ಪರೀಕ್ಷೆಯ ಫಲಿತಾಂಶ 2011ರಲ್ಲಿ ಬಂತು. ಒಟ್ಟಾರೆ ನೋಡಿದರೆ ಕ್ಯಾನ್ಸರ್ ಮರುಕಳಿಸುವುದು ಕಡಿಮೆಯಾಗಿರಲಿಲ್ಲ. ಮುಟ್ಟು ನಿಂತು 5 ವರ್ಷ ದಾಟಿದವರಲ್ಲಿ ಮಾತ್ರ ಲಾಭ ಕಂಡಿತ್ತು.

ಆಗ ಇಂಗ್ಲೆಂಡಿನ ಶೆಫೀಲ್ಡ್‌ನ ಸಂಶೋಧಕರು ಬೆಳೆದ ಇಲಿಗಳನ್ನು ತೆಗೆದುಕೊಂಡು, ಮುಟ್ಟು ನಿಂತ ಮಹಿಳೆಯರ ಸ್ಥಿತಿ ತರಲು ಕೆಲವುಗಳ ಅಂಡಾಶಯ ತೆಗೆದರು. ಔಷಧಿಯಿಂದ ಮೂಳೆಯಲ್ಲಿ ಗಡ್ಡೆ ಬೆಳೆಯುವುದು ನಿಂತದ್ದು ಅಂಡಾಶಯ ತೆಗೆದವುಗಳಲ್ಲಿ ಮಾತ್ರ. ಅಂದರೆ ಈ ಸಲ ಉತ್ತರ ಮೊದಲು ಸಿಕ್ಕಿದ್ದು ಮಹಿಳೆಯರಿಂದ, ಇಲಿ ಹಿಂದಿನಿಂದ ಬಂತು. ಈಗ ಮುಟ್ಟು ನಿಂತವರಿಗೆ, ಕ್ಯಾನ್ಸರ್ ಇನ್ನೂ ಹರಡದಿರುವಾಗಲೇ, ಕಿಡ್ನಿ ಹಲ್ಲು ಎಲ್ಲ ನೋಡಿಕೊಂಡು ಡಾಕ್ಟರು ಇದೇ ಔಷಧಿ ಕೊಡುವುದುಂಟು.