ಕೆಂಟಕಿಗೆ ಸಿಂಗಲ್ ಬ್ಯಾರೆಲ್ ಬರ್ಬನ್ ಸವಿಯಲು ಹೊರಟವರಿಗೆ

ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಬರ್ಬನ್ ಎಂಬ ಮೆಕ್ಕೆಜೋಳದ ವಿಸ್ಕಿಯ ಭಟ್ಟಿಗಳನ್ನು ನೋಡಲು ಹೊರಡುವವರು ದಿನಕ್ಕೆ ನಾಲ್ಕೈದು ಭಟ್ಟಿಗಳ ಪಟ್ಟಿ ಹಾಕಿಕೊಂಡು ಹೋಗುವುದುಂಟು. ಆದರೆ ಸಿಂಗಲ್ ಬ್ಯಾರೆಲ್, ಎಂದರೆ ಬೇರೆಯದರೊಂದಿಗೆ ಬೆರೆಸದೆ ಒಂದೇ ಪೀಪಾಯಿಯಿಂದ ಬಾಟಲಿಗೆ ತುಂಬಿದ ಬರ್ಬನ್ನಿನ ರುಚಿ ತಿಳಿಯುವುದೇ ನಿಮ್ಮ ಉದ್ದೇಶವಾಗಿದ್ದರೆ ದಿನಕ್ಕೆ ಎರಡೇ ಸಾಕು. ಮೂರನೆಯದರ ಹೊತ್ತಿಗೆ ನಾಲಿಗೆ ಮರಗಟ್ಟಿ ಎಲ್ಲವೂ ಒಂದೇ ರುಚಿಯಾಗುತ್ತದೆ. ನಾವು ಶಿಕಾಗೋದಿಂದ ಕಾರಿನಲ್ಲಿ ಹೋಗಿ, ಲೂಯಿವಿಲ್‌ನಿಂದ ಪೂರ್ವಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿರುವ ಫ್ರಾಂಕ್‌ಫರ್ಟ್‌ನಲ್ಲಿ ತಂಗಿದೆವು. ಬಫಲೋ ಟ್ರೇಸ್ ಭಟ್ಟಿ ಇರುವುದು ಅದೇ ಊರಿನಲ್ಲಿ. ಫೋರ್ ರೋಸಸ್ ಮತ್ತು ವೈಲ್ಡ್ ಟರ್ಕಿ ಭಟ್ಟಿಗಳೆರಡೂ ಇರುವ ಲಾರೆನ್ಸ್‌ಬರ್ಗ್ ಅಲ್ಲಿಂದ ಅರ್ಧ ಗಂಟೆಯೊಳಗಿನ ದಾರಿ.

ಬೇಸಿಗೆಯ ನಡುವೆ ಅನೇಕ ಭಟ್ಟಿಗಳು ದುರಸ್ತಿಗಾಗಿ ಬಟ್ಟಿ ಇಳಿಸುವ ಕೆಲಸವನ್ನು ಕೆಲವು ವಾರ ನಿಲ್ಲಿಸುವುದರಿಂದ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಒಳ್ಳೆಯ ಕಾಲ. ಮೇ ತಿಂಗಳ ಮೊದಲ ಶನಿವಾರ ಲೂಯಿವಿಲ್‌ನಲ್ಲಿ ಡರ್ಬಿ ಕುದುರೆ ಓಟ ನಡೆಯುವುದರಿಂದ ಆ ವಾರ ಕೋಣೆ ಸಿಗುವುದೂ ಕಷ್ಟ, ಸಿಕ್ಕರೆ ಬಾಡಿಗೆ ತೆರುವುದೂ ಕಷ್ಟ. ಭಟ್ಟಿಗಳ ಭೇಟಿಯನ್ನು ವಾರಗಳ ಮೊದಲೇ ಕಾದಿರಿಸಿ. ವಯಸ್ಸು 21 ದಾಟಿದೆ ಎಂಬುದಕ್ಕೆ ಗುರುತಿನ ಚೀಟಿ ಕೇಳುತ್ತಾರೆ. ಭಾರತದಿಂದ ಬಂದ ಅತಿಥಿಗಳು ಜೊತೆಗಿದ್ದರೆ ಅವರ ಪಾಸ್‌ಪೋರ್ಟ್ ಕೈಯಲ್ಲಿರಲಿ. ಕಾರು ಓಡಿಸುವವರೊಬ್ಬರು ಕುಡಿಯದೆ ಇರಬೇಕೆಂಬುದನ್ನು ಮನೆಯಲ್ಲೇ ತೀರ್ಮಾನಿಸಿಕೊಳ್ಳಿ.

ಮೊದಲು ಬಫಲೋ ಟ್ರೇಸ್‌ಗೆ ಹೋಗುವುದು ಲೇಸು, ಏಕೆಂದರೆ ಈ ಬಗೆಯ ಬರ್ಬನ್ ಮಾರುಕಟ್ಟೆಯಲ್ಲಿ ನೆಲೆಯೂರಿದ್ದು ಅಲ್ಲಿಂದಲೇ. 1984ರಲ್ಲಿ ಅಲ್ಲಿನ ಮುಖ್ಯ ತಯಾರಕ ಎಲ್ಮರ್ ಟಿ. ಲೀ ಅವರು, ಆ ಭಟ್ಟಿಯನ್ನು ಹಿಂದೆ ನಡೆಸಿದ್ದ ಕರ್ನಲ್ ಆಲ್ಬರ್ಟ್ ಬ್ಲಾಂಟನ್ ಅವರ ಹೆಸರಿನಲ್ಲಿ ಬ್ಲಾಂಟನ್ಸ್ ಎಂಬ ಬರ್ಬನ್ನನ್ನು ಹೊರತಂದರು. ಅದರ ಲೇಬಲ್ ಮೇಲೆ ಪೀಪಾಯಿಯನ್ನು ಖಾಲಿ ಮಾಡಿದ ದಿನ, ಪೀಪಾಯಿಯ ಸಂಖ್ಯೆ, ಅದನ್ನಿಟ್ಟಿದ್ದ ಗೋದಾಮು ಮತ್ತು ಅಟ್ಟಣೆಯ ಸಂಖ್ಯೆ ಎಲ್ಲವೂ ಇರುತ್ತವೆ. ಮುಚ್ಚಳದ ಮೇಲೆ ಕುದುರೆ ಮತ್ತು ಸವಾರನ ಎಂಟು ಭಂಗಿಗಳಿದ್ದು, ಒಂದೊಂದರಲ್ಲೂ ಹೆಸರಿನ ಒಂದೊಂದು ಅಕ್ಷರವಿದೆ. ಎಂಟನ್ನೂ ಕೂಡಿಸುವ ಹಟಕ್ಕೆ ಬಿದ್ದವರನ್ನು ಕಂಡರೆ, ಬಾಟಲಿಯ ಒಳಗಿರುವುದಕ್ಕಿಂತ ಮೇಲಿರುವುದಕ್ಕೇ ಬೆಲೆ ಹೆಚ್ಚೇನೋ ಎನಿಸುತ್ತದೆ.

ಗೋದಾಮಿನ ಹತ್ತಿರ ನಿಲ್ಲಲು ಸಿಗುವ ಸಮಯವನ್ನು ಮಾತ್ರ ಕಳೆದುಕೊಳ್ಳಬೇಡಿ. ಆವಿಯಾದ ಮದ್ಯವನ್ನು ಉಂಡು ಬೆಳೆಯುವ ಒಂದು ಬೂಷ್ಟಿನಿಂದ ಸುತ್ತಲಿನ ಗೋಡೆ, ಮರದ ಕಾಂಡಗಳೆಲ್ಲ ಮಸಿ ಬಳಿದಂತೆ ಕಪ್ಪಾಗಿರುತ್ತವೆ. ಒಳಗೆ ಕಾಲಿಟ್ಟರೆ ತೇವದ ಮರ, ವೆನಿಲ್ಲಾ, ಕೊಳೆತ ಹಣ್ಣು ಕಲೆತ ಗಾಳಿ. ಕಾನೂನಿನ ಪ್ರಕಾರ ಬರ್ಬನ್ನಿನ ಧಾನ್ಯದಲ್ಲಿ ಕನಿಷ್ಠ ಶೇ. 51ರಷ್ಟು ಮೆಕ್ಕೆಜೋಳವಿರಬೇಕು ಮತ್ತು ಅದು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಮಾಗಬೇಕು. ಒಮ್ಮೆ ಬಳಸಿದ ಪೀಪಾಯಿ ಇಲ್ಲಿ ಮತ್ತೆ ಬರ್ಬನ್ನಿಗೆ ಬಾರದಾದ್ದರಿಂದ ಸ್ಕಾಟ್ಲೆಂಡಿಗೂ ನಮ್ಮ ಬೆಂಗಳೂರಿನ ಅಮೃತ್ ಭಟ್ಟಿಗೂ ಸಾಗುತ್ತದೆ. ಬಹುಮಹಡಿ ಗೋದಾಮಿನ ಮೇಲಂತಸ್ತಿನಲ್ಲಿ ಬೇಸಿಗೆಯ ಸೆಕೆಗೆ ಮದ್ಯ ಹಿಗ್ಗಿ ಮರದೊಳಕ್ಕೆ ಆಳವಾಗಿ ಇಳಿಯುತ್ತದೆ, ಚಳಿಗೆ ಕುಗ್ಗಿ ಹೊರಬರುತ್ತದೆ; ಕೆಳಗಿನ ತಂಪಿನಲ್ಲಿ ಈ ಏರಿಳಿತ ನಿಧಾನ. ಸಾಮಾನ್ಯ ಬರ್ಬನ್ನಿನಲ್ಲಿ ಇಂಥ ಹತ್ತಾರು, ನೂರಾರು ಪೀಪಾಯಿಗಳನ್ನು ಬೆರೆಸಿ ವ್ಯತ್ಯಾಸವನ್ನು ಅಳಿಸುತ್ತಾರೆ. ಸಿಂಗಲ್ ಬ್ಯಾರೆಲ್‌ನಲ್ಲಿ ಅದನ್ನು ಹಾಗೆಯೇ ಉಳಿಸುತ್ತಾರೆ, ಸವಿಯಬೇಕಾದುದೂ ಆ ವ್ಯತ್ಯಾಸವನ್ನೇ.

ಇದು ನಮಗೆ ಮನದಟ್ಟಾದದ್ದು ಫೋರ್ ರೋಸಸ್‌ನಲ್ಲಿ. ಅವರು ಎರಡು ಧಾನ್ಯ ಮಿಶ್ರಣ ಮತ್ತು ಐದು ಯೀಸ್ಟ್‌ಗಳಿಂದ ಹತ್ತು ಬಗೆಯ ಬರ್ಬನ್ ಇಳಿಸುತ್ತಾರೆ. ಶೇ. 50ರ ಕಡುಪಿನಲ್ಲಿ (ಮದ್ಯಸಾರದ ಪ್ರಮಾಣ) ಬರುವ ಅವರ ಎಂದಿನ ಸಿಂಗಲ್ ಬ್ಯಾರೆಲ್‌ಗೆ ಬಳಸುವುದು ಶೇ. 35ರಷ್ಟು ರೈ ಧಾನ್ಯ ಇರುವ ಮಿಶ್ರಣದ ಒಂದೇ ಬಗೆ. ಗೋದಾಮುಗಳೂ ಒಂದೇ ಅಂತಸ್ತಿನವು. ಪಾಕ ಒಂದೇ, ಯೀಸ್ಟ್ ಒಂದೇ, ಶಾಖದಲ್ಲೂ ಹೆಚ್ಚಿನ ಅಂತರವಿಲ್ಲ. ಹೀಗಿದ್ದೂ ಎರಡು ಪೀಪಾಯಿಗಳದ್ದನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದರಲ್ಲಿ ಮಾಗಿದ ಪೇರಳೆಯ ಪರಿಮಳ ಮುಂದಾಗಿತ್ತು, ಇನ್ನೊಂದು ಲವಂಗದ ಘಾಟಿನೊಂದಿಗೆ ಆರಂಭವಾಗಿ ಒಗರಿನಲ್ಲಿ ಮುಗಿಯಿತು. ಉಳಿದ ಅಂತರವೆಲ್ಲ ಬಹುಪಾಲು ಮರದ್ದೇ.

ಹೀಗೆ ಹೋಲಿಸಿ ನೋಡಲು ಲೂಯಿವಿಲ್ ಅಥವಾ ಬಾರ್ಡ್ಸ್‌ಟೌನ್‌ನ ಬಾರುಗಳು ಭಟ್ಟಿಗಳಿಗಿಂತ ಅನುಕೂಲ. ಅಲ್ಲಿನ ಹಲವು ಬಾರು, ಅಂಗಡಿಗಳು ತಾವೇ ಪೀಪಾಯಿ ಆರಿಸಿ ಇಡಿಯಾಗಿ ಕೊಂಡಿರುತ್ತವೆ. ಒಂದೇ ಬ್ರ್ಯಾಂಡಿನ ಮಾಮೂಲಿ ಬಾಟಲಿಯದನ್ನೂ ಅವರ ಆಯ್ಕೆಯದನ್ನೂ ಅರ್ಧರ್ಧ ಅಳತೆಯಲ್ಲಿ ಕೇಳಿ. ಬಾಯಿ ಕಿರಿದಾದ ಗ್ಲಾಸು ಕೇಳಿ ಪಡೆಯಿರಿ, ಐಸ್ ಬೇಡ. ಸುರಿದ ಮೇಲೆ ಹತ್ತು ನಿಮಿಷ ಸುಮ್ಮನೆ ಬಿಟ್ಟು, ತುಟಿಗಳನ್ನು ತುಸು ತೆರೆದುಕೊಂಡು ಮೂಸಿದರೆ ಮೂಗು ಉರಿಯುವುದಿಲ್ಲ. ಮೊದಲ ಗುಟುಕು ಬಾಯಿಯನ್ನು ಸಜ್ಜುಗೊಳಿಸಲಷ್ಟೇ; ಅದರಿಂದ ಏನನ್ನೂ ತೀರ್ಮಾನಿಸಬೇಡಿ. ಎರಡನೆಯದನ್ನು ಬಾಯೆಲ್ಲ ಆಡಿಸಿ, ಅಗಿಯುವಂತೆ ಮಾಡಿ ನುಂಗಿ, ರುಚಿ ಎಷ್ಟು ಹೊತ್ತು ನಿಲ್ಲುತ್ತದೆಂದು ಗಮನಿಸಿ. ಆಮೇಲೆ ಮೂರು ನಾಲ್ಕು ಹನಿ ನೀರು ಹಾಕಿ ಮತ್ತೆ ಮೂಸಿ. ಕಡುಪಿನ ಮರೆಯಲ್ಲಿದ್ದ ಬೆಲ್ಲದ ಪಾಕದ ವಾಸನೆ ಎಷ್ಟೋ ಸಲ ಆಗ ಹೊರಬರುತ್ತದೆ. ಉಪ್ಪಿನಕಾಯಿ, ಅತ್ತರು ಎರಡನ್ನೂ ಆ ದಿನ ದೂರವಿಡಿ. ಖಾಲಿ ಹೊಟ್ಟೆಯಲ್ಲಂತೂ ಹೋಗಲೇಬೇಡಿ. ಸಸ್ಯಾಹಾರಿಗಳಿಗೆ ಆ ಸಣ್ಣ ಊರುಗಳಲ್ಲಿ ಆಯ್ಕೆ ಕಡಿಮೆಯಾದ್ದರಿಂದ ನಾವು ಒಯ್ದಿದ್ದ ಮೊಸರನ್ನ ಬಹಳ ಉಪಕಾರಕ್ಕೆ ಬಂತು.

ಬಾಟಲಿ ಕೊಳ್ಳುವುದಾದರೆ, ಬ್ಲಾಂಟನ್ಸ್ ಸಿಗಲೇಬೇಕೆಂದು ಬೆಳಗಿನ ಜಾವದ ಸಾಲಿನಲ್ಲಿ ನಿಂತು ಪ್ರವಾಸದ ಒಂದು ದಿನವನ್ನು ಕಳೆಯುವುದು ನನ್ನ ಮಟ್ಟಿಗೆ ವ್ಯರ್ಥ. ಸುಲಭವಾಗಿ ಸಿಗುವ ಫೋರ್ ರೋಸಸ್ ಅಥವಾ ವೈಲ್ಡ್ ಟರ್ಕಿಯವರ ಶೇ. 55ರ ರಸೆಲ್ಸ್ ರಿಸರ್ವ್ ಸಿಂಗಲ್ ಬ್ಯಾರೆಲ್ ರುಚಿಯಲ್ಲಿ ಕಡಿಮೆಯೇನಲ್ಲ. ವಿಮಾನದಲ್ಲಿ ಇವುಗಳನ್ನು ಚೆಕ್-ಇನ್ ಸಾಮಾನಿನಲ್ಲೇ ಇಡಬೇಕು. ಶೇ. 24ಕ್ಕಿಂತ ಹೆಚ್ಚು ಮತ್ತು 70ರವರೆಗಿನ ಮದ್ಯವನ್ನು, ಮುಚ್ಚಳ ತೆರೆಯದ ಬಾಟಲಿಗಳಲ್ಲಿ, ಒಬ್ಬರಿಗೆ ಐದು ಲೀಟರಿನವರೆಗೆ ಒಯ್ಯಬಹುದು. ಅದಕ್ಕಿಂತ ಕಡುವಾದದ್ದಕ್ಕೆ ಅವಕಾಶವಿಲ್ಲ. ಭಾರತದಲ್ಲಿ ಸುಂಕವಿಲ್ಲದೆ ಬಿಡುವುದು ಎರಡು ಲೀಟರನ್ನು ಮಾತ್ರ, ಎಂದರೆ ಇಲ್ಲಿನ 750 ಮಿಲಿಲೀಟರಿನ ಬಾಟಲಿಗಳಾದರೆ ಎರಡು.